ಎರಡು ಮಾಲೆಗೆ ಒಂದು ಸುತ್ತು

"ಎರಡೂವರಿ ಮಾಲಿ!"

ಪುಟ್ಟೇನಹಳ್ಳಿ ಕೆರೆ ದಂಡೆಯ ಬೆಂಚಿನಿಂದ ನಮ್ಮ ಅತ್ತೆ ಕೂಗಿದ ರಭಸಕ್ಕೆ, ವಾಕಿಂಗ್ ಬಂದಿದ್ದ ಇಬ್ಬರು ಆಂಟಿಯರು ಹೂವಿನವಳು ಬಂದಳೇನೋ ಅಂತ ತಿರುಗಿ ನೋಡಿದರು. ಹೂವಲ್ಲ ಆಂಟಿ. ಅದು ನನ್ನ ಓಟದ ಟೈಮಿಂಗ್.

ಹೌದು, ನಾನು ಓಡ್ತಿದ್ದೀನಿ. ನಗಬೇಡಿ. ಬಸ್ಸು ಕಣ್ಣೆದುರೇ ಹೊರಟರೂ "ಹಿಂದೆ ಇನ್ನೊಂದು ಬರುತ್ತೆ" ಅಂತ ನಿಂತಲ್ಲೇ ನಿಲ್ಲುವವಳು ನಾನು. ಸ್ಕೂಲಿನ ಸ್ಪೋರ್ಟ್ಸ್ ಡೇಯಲ್ಲಿ ನನ್ನ ಐಟಂ ಲೆಮನ್ ಆ್ಯಂಡ್ ಸ್ಪೂನ್ (ಅದರಲ್ಲೂ ನಿಂಬೆಹಣ್ಣು ನನಗಿಂತ ಮುಂದೆ ಹೋಗಿತ್ತು). ಅಂಥವಳ ಹೆಸರನ್ನು ಆಫೀಸಿನ ಗೆಳತಿ ಶಿಲ್ಪಾ ಒಂದು ಮಾತೂ ಕೇಳದೆ ಹೆಂಗಸರ ಐದು ಕಿಲೋಮೀಟರ್ ಓಟಕ್ಕೆ ಬರೆಸಿಬಿಟ್ಟಳು. "ಸುಮ್ನೆ ಬಾರೇ, ಸಖತ್ತಾಗಿರುತ್ತೆ. ಟೀ ಶರ್ಟ್ ಬೇರೆ ಕೊಡ್ತಾರೆ!"

ಟೀ ಶರ್ಟ್ ಬಂದೂ ಬಿಟ್ಟಿತು. ಗುಲಾಬಿ ಬಣ್ಣ. ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಎಲ್ಲೂ ಕೂರದೆ, ಆಂಬುಲೆನ್ಸ್ ಹತ್ತದೆ, ನನ್ನ ಕಾಲ ಮೇಲೆಯೇ ಆ ಕೊನೆಯ ಗೆರೆ ದಾಟಬೇಕು. ಅಷ್ಟೇ.

ಮೊದಲ ದಿನ ಫೋನಿಗೆ ರನ್ನಿಂಗ್ ಆ್ಯಪ್ ಹಾಕಿಕೊಂಡು ಹೋದೆ. ಅದರೊಳಗೆ ಒಬ್ಬಳು ಹೆಂಗಸಿದ್ದಾಳೆ. ಕೆರೆಗೆ ಒಂದು ಸುತ್ತು ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಆಗ ಅವಳು ತಣ್ಣನೆಯ ಇಂಗ್ಲಿಷಿನಲ್ಲಿ, ಇಡೀ ಕೆರೆಗೆ ಕೇಳುವಂತೆ, ನನ್ನ ಟೈಮ್ ಹೇಳಿದಳು. ನಾಯಿ ಹಿಡಿದುಕೊಂಡು ವಾಕಿಂಗ್ ಮಾಡ್ತಿದ್ದ ಅಂಕಲ್ ಒಬ್ಬರು ನನಗಿಂತ ಮುಂದಿದ್ದರು. ಅಂಕಲ್‌ಗೂ ವಯಸ್ಸಾಗಿತ್ತು, ನಾಯಿಗೂ ಆಗಿತ್ತು.

ಬೆಂಚಿನ ಮೇಲೆ ಕುಸಿದು, "ನಾಳೆಯಿಂದ ನಾನು ಬರಲ್ಲ ಅತ್ತೆ" ಅಂದೆ.

ಅತ್ತೆ ಗದಗಿನ ಕಡೆಯವರು. ನಮ್ಮ ಜೊತೆ ಜೆಪಿ ನಗರಕ್ಕೆ ಬಂದು ವರ್ಷಗಳಾದರೂ ಮಾತು ಇನ್ನೂ ಗದಗಿನಲ್ಲೇ ಇದೆ. ಬೆಳಗಿನ ಜಪವನ್ನು ಕೆರೆ ದಂಡೆಯಲ್ಲೇ ಮುಗಿಸೋಣ ಅಂತ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನನ್ನ ಜೊತೆ ಬಂದಿದ್ದರು. ಕೈಯಲ್ಲಿ ನೂರೆಂಟು ಮಣಿಯ ರುದ್ರಾಕ್ಷಿ ಮಾಲೆ.

"ಆ ಫೋನಿನಾಕಿ ಮಾತು ಏನ್ ಕೇಳ್ತಿ? ಆಕಿ ಎಂದಾರ ಓಡ್ಯಾಳೇನು?" ಅಂದರು. "ನಾಳಿಂದ ನಾ ಎಣಸ್ತೀನಿ. ನೀ ಸುಮ್ನ ಓಡು."

ಲೆಕ್ಕ ಸರಳ. ನಾನು ಒಂದು ಸುತ್ತು ಬರುವಷ್ಟರಲ್ಲಿ ಅವರ ಶಿವನಾಮ ಎಷ್ಟು ಮಾಲೆ ಆಗುತ್ತೋ ಅದೇ ನನ್ನ ಟೈಮ್. ಮಾಲೆ ಕಡಿಮೆಯಾದಷ್ಟೂ ನಾನು ಫಾಸ್ಟ್. ಆ್ಯಪ್ ಡಿಲೀಟ್ ಮಾಡಿದೆ.

ಮೊದಲು ಮೂರು ಮಾಲೆ. ಆಮೇಲೆ ಎರಡೂವರೆ. ಒಂದು ದಿನ "ಎರಡ ಮಾಲಿ!" ಅಂತ ಕೂಗಿದಾಗ ನಾನು ಕುಣಿದದ್ದಕ್ಕೆ ನಾಯಿ ಅಂಕಲ್ಲೇ ಸಾಕ್ಷಿ. ಆ ಹುಮ್ಮಸ್ಸಿನಲ್ಲಿ ಒಂದರ ಮೇಲೊಂದು ಸುತ್ತು ಹೊಡೆಯತೊಡಗಿದೆ. ಆಫೀಸಿನಲ್ಲಿ ಶಿಲ್ಪಾ ಮುಂದೆ ಜಂಬ ಕೊಚ್ಚಿಕೊಂಡೆ. ಮನೆಯಲ್ಲಿ ಗಂಡ ಮಹೇಶನಿಗೆ ಊಟಕ್ಕೆ ಉಪ್ಪಿನಕಾಯಿಯ ಜೊತೆ ದಿನಾ ಇದೇ ಸುದ್ದಿ.

ಎಡವಟ್ಟಾಗಿದ್ದೇ ಅಲ್ಲಿ. ಓಟಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ಮಹೇಶ "ನೋಡೇಬಿಡೋಣ" ಅಂತ ಫೋನ್ ಹಿಡಿದು ಕೆರೆಗೆ ಬಂದ. ನಾನು ಸುತ್ತಿನ ಮೇಲೆ ಸುತ್ತು ಓಡಿದೆ. ಪ್ರತಿ ಸುತ್ತಿಗೂ ಅತ್ತೆ "ಎರಡ ಮಾಲಿ!" ಅಂತ ಕೂಗಿದರು. ಕೊನೆಗೆ ಮಹೇಶ ಫೋನ್ ತೋರಿಸಿದ.

ಮೊದಲ ದಿನ ಆ ಇಂಗ್ಲಿಷ್ ಹೆಂಗಸು ಹೇಳಿದ್ದ ಟೈಮೇ! ಒಂದೊಂದು ಸುತ್ತಿಗೂ ಅಷ್ಟೇ. ಒಂದು ಚೂರೂ ಕಡಿಮೆ ಇಲ್ಲ.

ಅತ್ತೆ ಕಡೆ ತಿರುಗಿದೆ. ಅವರು ಭಾರೀ ಆಸಕ್ತಿಯಿಂದ ಕೆರೆಯ ಕೊಕ್ಕರೆ ನೋಡ್ತಿದ್ದರು.

"ಅತ್ತೆ, ಹಾಗಾದ್ರೆ ಮಾಲೆ ಹೇಗೆ ಕಡಿಮೆ ಆಯ್ತು?"

"ನಿನ್ನ ಕಾಲು ಜೋರ ಆಗಲಿಲ್ಲ ನೋಡವಾ. ಅದಕ್ಕ ನಾನ ಸಾವಕಾಶ ಮಾಡಿದೆ."

ಅಂದರೆ? ಇಷ್ಟು ದಿನ ನಾನು ಬೇಗ ಓಡುತ್ತಿರಲಿಲ್ಲ. ಅತ್ತೆ ನಿಧಾನವಾಗಿ ಜಪ ಮಾಡುತ್ತಿದ್ದರು! ಒಂದು ಸೋಮವಾರವೂ ಒಪ್ಪೊತ್ತು ತಪ್ಪಿಸದ ಹೆಂಗಸು, ಸೊಸೆಗೋಸ್ಕರ ಸಾಕ್ಷಾತ್ ಶಿವನನ್ನೇ ಕಾಯಿಸಿದ್ದರು.

ನನಗೆ ಸಿಟ್ಟು ಬಂತು. ನಿಜ ಹೇಳ್ತೀನಿ, ಅಳುವೂ ಬಂತು. "ನನ್ನ ಮಂಗ ಮಾಡಿದ್ರಲ್ಲ ಅತ್ತೆ! ಇನ್ನು ಆ ಓಟಕ್ಕೆ ಯಾವ ಧೈರ್ಯದ ಮೇಲೆ ಹೋಗ್ಲಿ?"

"ಮದಲನೇ ದಿವಸ ಒಂದ ಸುತ್ತಿಗೆ ಬಿದ್ದಿದ್ದಿ. ಇವತ್ತ ಎಷ್ಟು ಸುತ್ತು ಓಡಿದಿ? ಅದನ್ನೇನು ನಾ ಓಡಿದ್ನೇನು?" ಅತ್ತೆ ಮಾಲೆಯನ್ನು ಕಣ್ಣಿಗೊತ್ತಿಕೊಂಡರು. "ಮತ್ತ, ನನಗೂ ಚಲೋನ ಆತು. ಇಷ್ಟು ವರ್ಷ ಒಲಿ ಮ್ಯಾಲಿನ ಹಾಲು ನೋಡಕೋತ ದಡಬಡ ಜಪ ಮುಗಸ್ತಿದ್ದೆ. ನಿನ್ನ ದೆಸಿಯಿಂದ ಶಿವನ ಹೆಸರು ಸಾವಕಾಶ ಹೇಳೂದು ಕಲತೆ."

ಮಹೇಶ ಫೋನನ್ನು ಜೇಬಿಗೆ ಹಾಕಿಕೊಂಡ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ. ಬೇರೆಯವರನ್ನು ಅಳೆಯುವಾಗ ನಮ್ಮ ಮಾಲೆ ಅದೆಷ್ಟು ಸ್ಪೀಡಾಗಿ ತಿರುಗುತ್ತೆ, ಅಲ್ವಾ? ಮಗಳು ಒಂದು ಲೆಕ್ಕಕ್ಕೆ ತಡವರಿಸಿದರೆ "ಇನ್ನೂ ಆಗಲಿಲ್ವಾ?" ಅನ್ನುವವಳು ನಾನೇ. ಬನಶಂಕರಿ ಸಿಗ್ನಲ್‌ನಲ್ಲಿ, ಈಗಷ್ಟೇ ಸ್ಕೂಟಿ ಕಲಿತವಳ ಬೆನ್ನ ಹಿಂದೆ ನಿಂತು ಹಾರನ್ ಹೊಡೆಯುವವರು ನೀವೇ (ಇಲ್ಲ ಅನ್ನಬೇಡಿ, ನೋಡಿದ್ದೀನಿ). ಒಂದು ಮಣಿ ತಡೆದು ಎಣಿಸಿದರೆ ನಮ್ಮ ಗಂಟೇನು ಹೋಗುತ್ತೆ?

ಹೋದ ಭಾನುವಾರ ಓಡಿದೆ. ಜಯನಗರದ ಮರಗಳ ಕೆಳಗೆ, ಗುಲಾಬಿ ಟೀ ಶರ್ಟ್ ಹಾಕಿಕೊಂಡು. ಶಿಲ್ಪಾ ಯಾವಾಗಲೋ ಮಾಯವಾಗಿದ್ದಳು. ನನ್ನ ಹಿಂದೆ ಇದ್ದವರನ್ನು ಎಣಿಸೋಕೆ ಒಂದು ಕೈಯ ಬೆರಳು ಸಾಕಿತ್ತು. ಆದರೆ ಎಲ್ಲೂ ಕೂರಲಿಲ್ಲ. ನಿಲ್ಲಲೂ ಇಲ್ಲ. ನನ್ನ ಕಾಲ ಮೇಲೆಯೇ ಗೆರೆ ದಾಟಿದೆ.

ಪಕ್ಕದಲ್ಲೇ ಅತ್ತೆ ನಿಂತಿದ್ದರು. ಏದುಸಿರು ಬಿಡುತ್ತಲೇ ಕೇಳಿದೆ, "ಎಷ್ಟು ಮಾಲೆ ಅತ್ತೆ? ಈ ಸಲ ನಿಜ ಹೇಳ್ಬೇಕು."

ಕೂಗಿ ಕೂಗಿ ಅವರ ಗಂಟಲು ಕಟ್ಟಿಹೋಗಿತ್ತು. "ಯಾರು ಎಣಿಸ್ಯಾರ? ನೀ ಬರೂದು ಕಂಡ ಕೂಡಲೇ, ಶಿವನ ಹೆಸರ ಬಿಟ್ಟು ನಿನ್ನ ಹೆಸರ ಕೂಗಾಕ ಹತ್ತಿದೆ."

ಈಗ ನೀವೇ ಹೇಳಿ, ನನ್ನ ಟೈಮಿಂಗ್ ಎಷ್ಟು?