ಅಪ್ಪನ ಗದ್ದವನ್ನು ಬತ್ತೇರಿಗೆ ಒಯ್ದದ್ದು

ಗುಂಡ್ಲುಪೇಟೆಯಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಇಡ್ಲಿ ತಿಂದರು. ನಾನು ಇಳಿಯಲಿಲ್ಲ. ತಮ್ಮನ ಮೇಲಿನ ಸಿಟ್ಟಿಗೇ ಹೊಟ್ಟೆ ತುಂಬಿತ್ತು. ಎಂಟು ವರ್ಷದ ಮಗಳ ದವಡೆಗೆ ಚಿಕಿತ್ಸೆ ಕೊಡಿಸಬೇಕು, ಅವ್ವ ಒಪ್ಪುತ್ತಿಲ್ಲ, ಅಕ್ಕನೇ ಬಂದು ಹೇಳಲಿ ಎಂದು ಊರಿನವರ ಕೈಲಿ ಹೇಳಿ ಕಳಿಸಿದ್ದ. ಮೀಸೆ ಹೊತ್ತ ಗಂಡಸು ಹೆತ್ತ ತಾಯಿಯ ಮುಂದೆ ಬಾಯಿ ಬಿಡಲಾರ, ಅದಕ್ಕೆ ನಂಜನಗೂಡಿನಿಂದ ನಾನು ಹೋಗಬೇಕು!

ವಿಷಯ ಇಷ್ಟು. ನನ್ನ ಸೊಸೆ, ಅಂದರೆ ತಮ್ಮನ ಮಗಳು ದೇವಮ್ಮನ ಕೆಳದವಡೆ ಮುಂದಕ್ಕೆ ಬೆಳೆಯುತ್ತಿತ್ತು. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನ ಹಲ್ಲಿನ ಹೊರಗೆ ಬಂದು ಕೂರುತ್ತಿತ್ತು. ಎಲುಬು ಬೆಳೆಯುವ ಈ ವಯಸ್ಸಿನಲ್ಲೇ ಗದ್ದಕ್ಕೆ ಬಟ್ಟಲು ಕಟ್ಟಿ ಹಿಂದಕ್ಕೆ ಎಳೆದರೆ ಸರಿಹೋದೀತು, ಬಿಟ್ಟರೆ ಮುಂದೆ ದವಡೆ ಕೊಯ್ದೇ ಸರಿಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಏಕೆಂದರೆ ಆ ಗದ್ದ ನಮ್ಮಪ್ಪನದು. ಅಪ್ಪ ದೇವಣ್ಣ ತೀರಿಕೊಂಡ ವರ್ಷವೇ ಈ ಹುಡುಗಿ ಹುಟ್ಟಿದ್ದು, ಅದೇ ಗದ್ದ ಹೊತ್ತು. ಅವರೇ ಬಂದರು ಎಂದು ಅವ್ವ ನಂಬಿಬಿಟ್ಟಳು. ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟ ಎಲೆಯನ್ನು ಎಲ್ಲರಿಗಿಂತ ಮೊದಲು ಈ ಕೂಸಿನ ಮುಂದೆಯೇ ಇಡುತ್ತಿದ್ದಳು.

ಮುತ್ತಂಗದ ಕಾಡು ದಾಟುವಾಗ ಬಿದಿರೆಲ್ಲ ಒಣಗಿ ನಿಂತಿತ್ತು, ಗಾಳಿ ಮಾತ್ರ ತಣ್ಣಗಿತ್ತು. ವಯನಾಡಿನ ಬತ್ತೇರಿಗೆ ಬರುವಷ್ಟರಲ್ಲಿ ನಮ್ಮೂರು ಕೇಣಿಚಿರದ ಬಸ್ಸು ಹೋಗಿಬಿಟ್ಟಿತ್ತು. ಮೀನಂಗಡಿಗೆ ಹೋಗಿ, ಅಲ್ಲಿಂದ ಒಣಮೆಣಸಿನಕಾಯಿ ಮೂಟೆಗಳ ಮೇಲೆ ಕೂತು ಜೀಪಿನಲ್ಲಿ ಊರು ಸೇರಿದೆ. ಅದರ ಘಾಟಿಗೆ ದಾರಿಯುದ್ದಕ್ಕೂ ಸೀನಿದ್ದೇ ಸೀನಿದ್ದು.

ಅವ್ವ ಅಂಗಳದಲ್ಲಿ ಕರಿಮೆಣಸು ಹರವುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಯಾರ್ ಹೇಳಿ ಕಳಿಸಿದ್ರು ಅಂತ ಗೊತ್ತು. ಕೈಕಾಲು ತೊಳ್ಕೊ, ಚಾಯ ಕುಡಿ. ಆ ಮಾತು ಮಾತ್ರ ಎತ್ಬೇಡ."

"ಎತ್ತೋಕೇ ಬಂದಿರೋದು ಅವ್ವ."

"ದನಕ್ಕೆ ಕುಕ್ಕೆ ಹಾಕ್ದಂಗೆ ಕೂಸಿನ ಬಾಯಿ ಕಟ್ತಾರಂತೆ! ನಿಮ್ಮಪ್ಪನ ಮುಖಾನ ಇನ್ನೊಂದ್ಸಲ ಮಣ್ಣು ಮಾಡಕ್ಕೆ ನಾನ್ ಬಿಡಕ್ಕಿಲ್ಲ ಗೌರಿ."

ತಮ್ಮನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಈ ಹೆಂಗಸಿಗೆ ಅವನಾದರೂ ಏನು ಹೇಳಿಯಾನು! ಕೊನೆಗೆ, "ಆಯ್ತು, ಒಪ್ಪೋದು ಬೇಡ. ನಾಳೆ ನೀನೇ ಬಂದು ಡಾಕ್ಟ್ರ ಮುಖಕ್ಕೆ ಹೇಳ್ಬಿಡು" ಎಂದೆ. ಅದಕ್ಕೆ ಒಪ್ಪಿದಳು. ಮುಖಕ್ಕೆ ಹೊಡೆದಂತೆ ಹೇಳುವ ಅವಕಾಶವನ್ನು ಅವ್ವ ಬಿಟ್ಟವಳಲ್ಲ.

ಮರುದಿನ ಬೆಳಿಗ್ಗೆ ಮಂಜು ಕರಗುವ ಮೊದಲೇ ನಾನು, ಅವ್ವ, ದೇವಮ್ಮ ಮೂವರೂ ಬಸ್ಸು ಹತ್ತಿದೆವು. ಕರಿಮೆಣಸಿನ ಕೊಯ್ಲೆಂಬ ನೆಪ ತಮ್ಮನಿಗೆ ಸಿಕ್ಕಿತ್ತು. ವಯನಾಡು ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೊಸ ಕಚೇರಿಗಳ ಬೋರ್ಡುಗಳು ಎದ್ದಿದ್ದವು, ಆದರೆ ಮಕ್ಕಳ ದವಡೆ ನೋಡುವವರು ಬೇಕೆಂದರೆ ಘಟ್ಟದ ಚುರ ಇಳಿದು ಕೋಯಿಕ್ಕೋಡಿಗೇ ಹೋಗಬೇಕಿತ್ತು. ಈ ಡಾಕ್ಟರಮ್ಮ ವಾರಕ್ಕೊಮ್ಮೆ ಘಟ್ಟ ಹತ್ತಿ ಬಂದು, ಬತ್ತೇರಿಯ ಪೇಟೆಯ ಮಹಡಿಯ ಮೇಲೆ ಒಂದು ಕೋಣೆಯಲ್ಲಿ ಕೂರುತ್ತಿದ್ದುದು ನಮ್ಮ ಪುಣ್ಯ.

ಡಾಕ್ಟರಮ್ಮ ಒಂದು ಸೀಬೆಕಾಯಿ ಕೊಟ್ಟು ಮುಂದಿನ ಹಲ್ಲಿನಿಂದ ಕಚ್ಚು ಎಂದರು. ದೇವಮ್ಮ ಕಚ್ಚಿದಳು, ಸಿಪ್ಪೆ ಕೆರೆಯಿತೇ ಹೊರತು ಚೂರು ಬರಲಿಲ್ಲ. ನಾಚಿಕೊಂಡು ಕಾಯನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡಳು.

"ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೆ?" ಡಾಕ್ಟರಮ್ಮ ಮಲಯಾಳದಲ್ಲಿ ಕೇಳಿದರು.

ಅವ್ವ ಇದಕ್ಕೇ ಕಾದಿದ್ದವಳಂತೆ ಬೆನ್ನು ನೆಟ್ಟಗೆ ಮಾಡಿ, "ನಮ್ಮ ಯಜಮಾನ್ರಿಗೆ" ಎಂದು ಅದೇ ಭಾಷೆಯಲ್ಲಿ ಉತ್ತರ ಕೊಟ್ಟಳು.

"ಅವರು ಹೇಗೆ ಊಟ ಮಾಡುತ್ತಿದ್ದರು?"

ಅವ್ವ ಡಾಕ್ಟರಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದಳು, ಮಾತೂ ಕನ್ನಡಕ್ಕೆ ತಿರುಗಿತು.

"ರೊಟ್ಟಿನ ಸಾರಲ್ಲಿ ನೆನೆಸ್ಕೊಳೋರು. ಮದ್ವೆ ಮನೇಲಿ ಪಂಕ್ತಿಗೆ ಕೂರ್ತಿರ್ಲಿಲ್ಲ, ಬಡಿಸಕ್ಕೆ ನಿಂತ್ಬುಡೋರು. ಕಬ್ಬು ತಂದ್ರೆ ತಮ್ಮ ಪಾಲ್ನೂ ನಿಮಗೇ ಮುರ್ದು ಕೊಡೋರು. ಎಂಥ ದೊಡ್ಡ ಮನ್ಸು ಅಂದ್ಕೊತಿದ್ದೆ ಕಣೆ. ತಿನ್ನಕ್ಕೆ ಆಗ್ತಿರ್ಲಿಲ್ವಾ ಗೌರಿ? ನನ್ಗೂ ಹೇಳ್ಲಿಲ್ವಲ್ಲ."

ಅಪ್ಪನ ಪಾಲಿನ ಕಬ್ಬನ್ನೆಲ್ಲ ಜಗಿದವಳು ನಾನೇ. ನನಗೆ ಅಳು ತಡೆಯಲಾಗಲಿಲ್ಲ. ಡಾಕ್ಟರಮ್ಮನಿಗೆ ಕನ್ನಡ ಎಷ್ಟು ತಿಳಿಯಿತೋ, ಸುಮ್ಮನೆ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ವಾಪಸು ಬಂದು ಇದ್ದದ್ದನ್ನು ಇದ್ದಂತೆ ಹೇಳಿದರು. ರಾತ್ರಿಯೆಲ್ಲ ಕಟ್ಟಬೇಕು, ಮನೆಯಲ್ಲಿದ್ದಾಗ ಹಗಲಲ್ಲೂ ಕಟ್ಟಬೇಕು. ವರ್ಷಗಟ್ಟಲೆ ಹಿಡಿದೀತು, ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು.

"ಕಟ್ಟಿ" ಎಂದಳು ಅವ್ವ.

ಹಿಂದಿನ ಸಲ ತಮ್ಮ ಕರೆತಂದಾಗ ಅಚ್ಚು ತೆಗೆದು ಮಾಡಿಸಿದ್ದ ಗದ್ದದ ಬಟ್ಟಲು ಸಿದ್ಧವಿತ್ತು. ಅದನ್ನು ತಲೆಯ ಪಟ್ಟಿಗೆ ಸಿಕ್ಕಿಸಲು ಡಾಕ್ಟರಮ್ಮ ಕೈ ಚಾಚಿದಾಗ ಅವ್ವ ತಡೆದಳು. "ಒಂದ್ ಗಳಿಗೆ ಇರಿ. ನೋಡ್ಕೊಂಬುಡ್ತೀನಿ." ಹುಡುಗಿಯ ಗದ್ದವನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ನೋಡಿ, ಸೆರಗಿನಿಂದ ಅದನ್ನು ಒರೆಸಿ, ಹಿಂದೆ ಸರಿದಳು.

ಅಲ್ಲಿಂದ ಹೋಟೆಲಿಗೆ ಹೋಗಿ ಪುಟ್ಟು, ಕಡಲೆ ತಿಂದೆವು. ತಿನ್ನಲು ಬಿಚ್ಚಿದ ಬಟ್ಟಲನ್ನು ಅವ್ವನೇ ಮತ್ತೆ ಕಟ್ಟಿದಳು. ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಕೂತಿತು. ಬಸ್‌ಸ್ಟ್ಯಾಂಡಿನಲ್ಲಿ ಜನ ನಿಂತು ನಿಂತು ಹುಡುಗಿಯನ್ನು ನೋಡುತ್ತಿದ್ದರು.

ನನ್ನ ಮೈಸೂರು ಬಸ್ಸು ಮೊದಲು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಅದು ಹೊರಡುವಾಗ ಎದುರಿಗೆ ಕೇಣಿಚಿರದ ಬಸ್ಸು ಬಂದು ನಿಂತಿತು. ಹುಡುಗಿ ಬಳೆ ಅಂಗಡಿಯ ಮುಂದೆ ಮೈಮರೆತಿದ್ದಳು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅವ್ವ ಈ ಮೊಮ್ಮಗಳನ್ನು ಹುಟ್ಟಿದಾಗಿನಿಂದ ಕೂಸು ಎಂದೇ ಕರೆದವಳು. ಈಗ ಅಷ್ಟು ಜನರ ನಡುವೆ ಗಂಟಲು ಹರಿಯುವಂತೆ ಕೂಗಿದಳು.

"ದೇವಮ್ಮಾ!"

ಹುಡುಗಿ ತಿರುಗಲಿಲ್ಲ. ಅಜ್ಜಿ ತನ್ನನ್ನೇ ಕರೆಯುತ್ತಿದ್ದಾಳೆಂದು ಅವಳಿಗೆ ಹೇಗೆ ತಿಳಿಯಬೇಕು? ಅವ್ವ ಇನ್ನೊಮ್ಮೆ ಕೂಗಿದಳು.