ನಾನು ಅಳಿಸಿದ ಪಾದದ ಚಿತ್ರ

ನಾಳೆ ರಥಸಪ್ತಮಿ. ಬೇಡವೆಂದರೂ ಹೂವಿನವಳು ಏಳು ಎಕ್ಕದೆಲೆ ಕೈಗಿಟ್ಟಳು. ತೊಟ್ಟಿನಿಂದ ಒಸರಿದ ಹಾಲು ಬೆರಳಿಗೆ ಅಂಟಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ವರ್ತೂರಿನ ಮುನಿಯಮ್ಮ ನೆನಪಾದರು. ಹಬ್ಬದ ಹೊತ್ತಿಗೆ ಹೇಳುವ ಕತೆಯಲ್ಲ, ಆದರೂ ಕೇಳಿ.

ಕನ್ನಡ ಎಂ.ಎ. ಮಾಡಿದವನಿಗೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಏನು ಕೆಲಸವೆಂದು ನೀವು ಕೇಳಬಹುದು. ನಮ್ಮಪ್ಪನೂ ಕೇಳಿದ್ದರು. ಜಾಲತಾಣದಲ್ಲಿ ಜನ ಕನ್ನಡದಲ್ಲಿ ಹಾಕಿದ ಪೋಸ್ಟುಗಳ ಮೇಲೆ ದೂರು ಬಂದರೆ, ಅವನ್ನು ನೋಡಿ ಉಳಿಸಬೇಕೋ ಅಳಿಸಬೇಕೋ ಎಂದು ತೀರ್ಮಾನಿಸುವುದು. ಹಳಗನ್ನಡ ಓದಿದ ಕಣ್ಣಿಗೆ ದಿನವಿಡೀ ಬೈಗುಳದ ಪಾರಾಯಣ. ಆದರೂ ಒಳಗೊಳಗೇ ಜಂಬವಿತ್ತು. ಹೊರಗೆ ಬಾಯಿ ಬಿಡಬಾರದೆಂದು ಸಹಿ ಹಾಕಿಸಿಕೊಂಡಿದ್ದರೂ, ನಾನು ಮಹಡಿಯಲ್ಲಿ ಬಾಡಿಗೆಗಿದ್ದ ಮನೆಯ ಓನರಮ್ಮ ಮುನಿಯಮ್ಮನ ಮುಂದೆ ಕೊಚ್ಚಿಕೊಂಡಿದ್ದೆ: "ಸುಳ್ಳು ಸುದ್ದಿ ಎಲ್ಲಾ ಅಳಿಸೋರು ನಾವೇ ಕಣಮ್ಮ."

ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಮನೆತನ ಅವರದು. ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೂ ಕಾಂಪೌಂಡಿನ ಪಕ್ಕ ಒಂದು ಮಡಿ ದಂಟು ಉಳಿಸಿಕೊಂಡಿದ್ದರು. ನನಗೆ ವಾರಕ್ಕೊಮ್ಮೆ ಬಸ್ಸಾರು ಬರುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ.

ನಮಗೆ ತಲೆನೋವೆಂದರೆ ಔಷಧಿಯ ಪೋಸ್ಟುಗಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಜಾಲತಾಣದಲ್ಲಿ ಮಾತ್ರ ಹಿತ್ತಲ ಗಿಡವೆಲ್ಲವೂ ಮದ್ದೇ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಎಕ್ಕದ ಹಾಲು ಹಚ್ಚಿ ಎಂಬ ಪೋಸ್ಟಿನ ಮೇಲೆ ದೂರು ಬಂದಾಗ ಟೀಮ್ ಲೀಡರನ್ನು ಕೇಳಿದೆ.

"ಕೆಲವರು ಹೌದು ಅಂತಾರೆ, ಕೆಲವರು ಅಲ್ಲ ಅಂತಾರೆ ಗುರು. ವಿವಾದದಲ್ಲಿರೋ ಮದ್ದು. ಜಡ್ಜ್ ಮಾಡೋಕೆ ನಾವೇನು ಡಾಕ್ಟ್ರಾ? ಬಿಟ್ಬಿಡು," ಅಂದ. ಬಿಟ್ಟೆ.

ಅದೇ ವಾರ ಒಬ್ಬ ಹೆಣ್ಣುಮಗಳ ಪೋಸ್ಟು ಬಂತು. 'ಎಕ್ಕದ ಹಾಲು ಹಚ್ಚಬೇಡಿ, ನಮ್ಮಮ್ಮನ ಕಾಲು ನೋಡಿ' ಎಂದು ಶುರುವಾಗಿತ್ತು. ಕೆಳಗೆ ಸುಟ್ಟು ಕರಿಗಟ್ಟಿದ ಪಾದದ ಫೋಟೋ, ಅದರ ಕೆಳಗೆ ಇನ್ನಷ್ಟು ಬರಹ. ಮಾಂಸ ಕಾಣುವ ಗಾಯದ ಚಿತ್ರವಿದ್ದರೆ ಅಳಿಸಬೇಕೆಂಬ ನಿಯಮ ಸ್ಪಷ್ಟವಾಗಿತ್ತು. ಊಟಕ್ಕೆ ಏಳುವ ಹೊತ್ತು ಬೇರೆ. ಪೂರ್ತಿ ಓದದೆ ಅಳಿಸಿದೆ. ತಲೆ ಕೆಡಿಸಿಕೊಳ್ಳಬೇಕಿಲ್ಲದ ಕೆಲಸ ಸಿಕ್ಕಿತೆಂದು ನೆಮ್ಮದಿಯೇ ಆಗಿತ್ತು.

ತಿಂಗಳೊಪ್ಪತ್ತಿನಲ್ಲಿ ಒಂದು ಭಾನುವಾರ ಕೆಳಗಿಳಿದಾಗ ಮುನಿಯಮ್ಮ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಎಕ್ಕದಾಲು ಕಣಪ್ಪ. ಮಗಳು ಫೋನಲ್ಲಿ ಓದಿ ಯೋಳುದ್ಲು. ಎಲ್ರೂ ವಾಸಿ ಆಯ್ತು ಅಂತ್ಲೇ ಬರ್ದವ್ರಂತೆ, ಒಬ್ರೂ ಬ್ಯಾಡ ಅಂದಿಲ್ವಂತೆ. ಸುಳ್ಳಾಗಿದ್ರೆ ನೀನು ಬುಡ್ತಿದ್ಯಾ?"

ಆಗಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ತಡವಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ನಾನು ಕೆಲಸ ಬಿಡಲಿಲ್ಲ, ಮನೆ ಬಿಟ್ಟೆ. ದೂರವಾಗುತ್ತದೆ ಎಂದು ನೆಪ ಹೇಳಿದೆ. ಆಫೀಸಿಗೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಆಗುತ್ತಿರಲಿಲ್ಲ. ಅವರ ಮುಖ ನೋಡಲಾರದೆ ಓಡಿಹೋದೆ, ಅಷ್ಟೇ.

ಇವತ್ತು ಕೈ ತೊಳೆಯುವ ಮೊದಲೇ ಅವರಿಗೆ ಫೋನ್ ಮಾಡಿದೆ. ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಹೇಳಿದೆ: ಬೇಡ ಅಂದವಳು ಒಬ್ಬಳಿದ್ದಳು, ಅವಳ ಮಾತನ್ನು ಅಳಿಸಿದವನು ನಾನೇ ಎಂದು. ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಲ್ಲ ಕಣಪ್ಪ," ಅಂದರು ಕೊನೆಗೆ, "ಆ ಎಣ್ಣುಮಗಳ ತಾಯಿ ಕಾಲು ಉಳ್ಕಂತಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ನನಗೆ ಒಮ್ಮೆಯೂ ಹುಟ್ಟಿರಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ.