ಬಾಯಿಗೆ ಅಡ್ಡ ಬಂದ ಕೈ

ಇದನ್ನು ಬರೆಯಬೇಕೆಂದು ನಾನು ಕುಳಿತದ್ದು ಇದೇ ಮೊದಲಲ್ಲ. ಹಿಂದಿನ ಸಲ ಕನ್ನಡಕದ ಕಾಲು ಮುರಿದಿತ್ತು. ಅದಕ್ಕೂ ಹಿಂದಿನ ಸಲ ಡೊಂಬಿವಲಿಯಲ್ಲಿ ನಳದ ನೀರು ಬಂದಿರಲಿಲ್ಲ. ನೀರು ಬಾರದ್ದಕ್ಕೂ ಬರೆಯುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಮುಂದೂಡುವ ಮನಸ್ಸಿದ್ದಾಗ ನಾನು ಅಷ್ಟನ್ನೆಲ್ಲ ನೋಡುವುದಿಲ್ಲ.

ಈ ಸಲ ತಪ್ಪಿಸಿಕೊಳ್ಳದಂತೆ ಮಾಡಿದ್ದು ಬಾಳೆಹಣ್ಣಿನ ವಾಸನೆ. ಮೊಮ್ಮಗಳು ಅನ್ವಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಬಂದ ಹಲ್ಲುಗಳು ಹುಳುಕಾಗದಿರಲೆಂದು ಡಾಕ್ಟರಮ್ಮ ಸಣ್ಣ ಬ್ರಷ್ಷಿನಿಂದ ಫ್ಲೋರೈಡಿನ ಲೇಪ ಹಚ್ಚಿದರು. ಅದಕ್ಕೆ ಬಾಳೆಹಣ್ಣಿನ ರುಚಿ, ಮರದ ವಾರ್ನಿಷ್ಷಿನ ಬಣ್ಣ. "ಕಲ್ ತಕ್ ಥೋಡಾ ಪೀಲಾ ದಿಖೇಗಾ," ನಾಳೆಯವರೆಗೆ ಹಳದಿ ಕಾಣುತ್ತದೆ ಎಂದರು. ಹುಡುಗಿ ಕನ್ನಡಿ ನೋಡಿಕೊಂಡವಳೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ರಿಕ್ಷಾದಲ್ಲಿಯೂ ಕೈ ತೆಗೆಯಲಿಲ್ಲ.

ಹಾಗೆ ಬಾಯಿಗೆ ಅಡ್ಡ ಬಂದ ಕೈಯನ್ನು ನಾನು ಮೊದಲು ಕಂಡದ್ದು ರಬಾಳೆಯಲ್ಲಿ.

ಫ್ಲೋರೈಡಿಗೂ ನನಗೂ ಹಳೆಯ ಗುರುತು. ರಬಾಳೆಯ ಒಂದು ಟೂತ್‌ಪೇಸ್ಟ್ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಸೂಪರ್‌ವೈಸರ್ ಆಗಿದ್ದೆ. ಪ್ರತಿ ಟ್ಯೂಬಿನ ಮೇಲೂ 'ಫ್ಲೋರೈಡ್‌ಯುಕ್ತ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಅದೇನೆಂದು ನನಗೆ ಗೊತ್ತಿರಲಿಲ್ಲ. ನೊರೆ ಬರಿಸುವ ಪದಾರ್ಥವಿರಬೇಕು ಎಂದುಕೊಂಡಿದ್ದೆ. ಕೇಳಿದವರಿಗೂ ಹಾಗೆಂದೇ ಹೇಳುತ್ತಿದ್ದೆ. ಹೈಸ್ಕೂಲು ಮುಗಿಸಿದ್ದೆ, ಕುತ್ತಿಗೆಗೆ ಟೈ ಇತ್ತು, ಜನ ನಂಬುತ್ತಿದ್ದರು.

ನನ್ನ ನಿಜವಾದ ಬಂಡವಾಳ ಹಲ್ಲು. ಕರಾವಳಿಯಿಂದ ಬರುವಾಗ ತಂದದ್ದರಲ್ಲಿ ಅದೊಂದೇ ಹೊಳೆಯುವಂಥದ್ದು. ಹೊರಗಿನಿಂದ ವ್ಯಾಪಾರಿಗಳು ಬಂದರೆ ಮ್ಯಾನೇಜರ್ ಸಾಹೇಬರು ನನ್ನನ್ನು ತೋರಿಸಿ, "ಆಮಚಾಚ್ ಮಾಲ್ ವಾಪರತೋ," ನಮ್ಮ ಮಾಲನ್ನೇ ಬಳಸುತ್ತಾನೆ, ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆ ನಗುವಿಗೆ ಬೇರೆ ಸಂಬಳವಿರಲಿಲ್ಲ. ಬಾಯಿ ತಪಾಸಣೆಯ ಕೆಲಸ ನನ್ನ ಪಾಲಿಗೆ ಬಂದದ್ದೂ ಈ ಹಲ್ಲಿನ ದೆಸೆಯಿಂದಲೇ ಇರಬೇಕು. ತಂಬಾಕು ಹಾಕುವವರು ಪ್ಯಾಕಿಂಗಿಗೆ ನಿಲ್ಲಬಾರದೆಂಬ ನಿಯಮವಿತ್ತು. ನಾನು ಗೇಟಿನಲ್ಲಿ ಟಾರ್ಚು ಹಿಡಿದು ನಿಂತು, ಒಬ್ಬೊಬ್ಬರಿಗೂ "ಆ ಮಾಡು" ಎನ್ನುತ್ತಿದ್ದೆ. ಇಲ್ಲಿಯ ಕೆಲವು ಹೆಂಗಸರಿಗೆ ಮಿಶ್ರಿಯ ಅಭ್ಯಾಸ. ತಂಬಾಕನ್ನು ಹುರಿದು ಪುಡಿ ಮಾಡಿ ಬೆರಳಿನಿಂದ ಹಲ್ಲಿಗೆ ಉಜ್ಜುವುದು. ಹಲ್ಲು ಕಂದಾಗುತ್ತದೆ, ಬಾಯಿ ನಾರುತ್ತದೆ.

ಮೊದಲು ಹೇಳಿದ ಆ ಕೈ ಅಲ್ಲಿಯ ಒಬ್ಬ ಹೆಂಗಸಿನದು. ಆಕೆ ರಾಯಚೂರು ಕಡೆಯವಳು. ಟಿಟ್ವಾಳಾದಿಂದ ಲೋಕಲ್ ರೈಲು ಹತ್ತಿ ಬಂದು ಟ್ಯೂಬುಗಳನ್ನು ಡಬ್ಬಿಗೆ ಹಾಕುವ ಸಾಲಿನಲ್ಲಿ ನಿಲ್ಲುತ್ತಿದ್ದಳು. ಹಮಾಲಿ ಮಾಡುತ್ತಿದ್ದ ಗಂಡ ಬೆನ್ನು ನೋವಿನಿಂದ ಮನೆ ಹಿಡಿದಿದ್ದ. ಆಕೆಯ ಕೈ ಚುರುಕು, ನಗು ಅದಕ್ಕಿಂತ ಚುರುಕು. ನನ್ನ ಕನ್ನಡ ಕೇಳಿ ಮೊದಲ ದಿನವೇ, "ಯವ್ವಾ, ಅಣ್ಣಾರು ಪುಸ್ತಕ ಓದಿದಂಗ ಮಾತಾಡ್ತಾರಲ್ಲ!" ಎಂದು ನಕ್ಕಿದ್ದಳು. ಹಲ್ಲೆಲ್ಲ ಕಂದು, ನಡುನಡುವೆ ಸುಣ್ಣ ಚಿಮುಕಿಸಿದಂತೆ ಬಿಳಿ. ಆದರೆ ಗೇಟಿನಲ್ಲಿ ತಂಬಾಕಿನ ವಾಸನೆ ಒಂದು ದಿನವೂ ಬಂದಿರಲಿಲ್ಲ. ಆದ್ದರಿಂದ ನಾನು ಒಳಗೆ ಬಿಡುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ಟೆಂಪರರಿ ಹೆಂಗಸರಲ್ಲಿ ಕೆಲವರನ್ನು ಕಾಯಂ ಮಾಡುವ ಮಾತು ಬಂತು. ಕಾಯಂ ಆದರೆ ಗಂಡನ ಬೆನ್ನಿಗೆ ಕಂಪನಿಯ ಕಡೆಯಿಂದ ಆಸ್ಪತ್ರೆ. ಆಕೆ ಸಾಹೇಬರ ಕ್ಯಾಬಿನ್ನಿಗೆ ಬಂದು, ನಮಸ್ಕಾರ ಮಾಡಿ, ನಕ್ಕಳು.

ಸಾಹೇಬರು ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು. ಆಕೆಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ಇದ್ದವನು ನಾನೊಬ್ಬ.

"ಎಂತ ಇದು ಹಲ್ಲು? ಮಿಶ್ರಿ ಹಚ್ತೀಯಾ? ತಂಬಾಕಿನ ಪುಡಿ?" ಎಂದೆ.

"ಅಯ್ಯ, ಇಲ್ರೀ ಅಣ್ಣಾರ! ತಂಬಾಕ ಮುಟ್ಟಿದಾಕಿ ಅಲ್ರೀ ನಾ. ನಮ್ಮೂರ ಬೋರಿನ ನೀರು ಹಂಗೈತ್ರಿ. ನಮ್ಮ ಓಣ್ಯಾಗ ಎಲ್ಲಾರ ಹಲ್ಲೂ ಹಿಂಗ ಅದಾವು, ಸಣ್ಣ ಹುಡ್ರದೂ."

"ನೀರು ಕುಡಿದ್ರೆ ಹೀಗಾಗ್ತದಾ? ಹಾಗಾದ್ರೆ ನಾವೆಲ್ಲ ಎಂತ, ಸೀಮೆಎಣ್ಣೆ ಕುಡಿದು ದೊಡ್ಡವರಾದದ್ದಾ?"

ಆಕೆ ಅದಕ್ಕೂ ನಕ್ಕಳು. "ಖರೇನ ಹೇಳ್ತೀನ್ರೀ. ಸಾಹೇಬರಿಗೆ ಒಂದೀಟು ತಿಳಿಸಿ ಹೇಳ್ರಿ ಅಣ್ಣಾರ."

"ಕಾಯ್ ಮ್ಹಣತೇ ತೀ?" ಏನನ್ನುತ್ತಾಳೆ ಎಂದರು ಸಾಹೇಬರು.

ನೀರಿನ ಕತೆ ಹೇಳಿದರೆ ಅವರು ನಗುತ್ತಾರೆ ಎನಿಸಿತು. ತನ್ನ ಭಾಷೆಯವಳನ್ನು ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ ಎಂದೂ ಎನಿಸಿತು. "ಮಿಶ್ರಿ ಲಾವತೇ ಮ್ಹಣತೇ, ಸಾಹೇಬ್," ಎಂದೆ. ಹಚ್ಚುತ್ತಾಳಂತೆ.

ಮಿಶ್ರಿ ಎಂಬ ಮಾತು ಆಕೆಗೆ ತಿಳಿಯಿತು. ಆಗಷ್ಟೇ ನಾನೇ ಕಲಿಸಿದ್ದೆನಲ್ಲ. "ಅಣ್ಣಾರ, ನಾ ಅಂದಿದ್ದು ಅದಲ್ಲಲ್ರೀ," ಎಂದಳು, ಮೆಲ್ಲಗೆ. ಆಮೇಲೆ ಕೈ ಮೇಲೆ ಬಂತು, ಬಾಯಿಗೆ ಅಡ್ಡವಾಯಿತು. ಸಾಹೇಬರು ಆಗಲೇ ಮುಂದಿನವಳನ್ನು ಕೂಗಿದ್ದರು. ಸ್ವಲ್ಪ ದಿನಕ್ಕೆ ಆಕೆ ಸಾಲಿನಲ್ಲಿ ಇರಲಿಲ್ಲ. ನನ್ನ ನಿಷ್ಪಕ್ಷಪಾತ ಬುದ್ಧಿಯನ್ನು ಸಾಹೇಬರು ಎಲ್ಲರೆದುರು ಹೊಗಳಿದರು. ನಾನು ಎಲ್ಲ ಹಲ್ಲೂ ಕಾಣುವಂತೆ ನಕ್ಕೆ.

ಮತ್ತೊಮ್ಮೆ ಆಕೆಯನ್ನು ನೋಡಿದ್ದು ಥಾಣೆಯ ಮಾಜಿವಾಡಾದಲ್ಲಿ, ಬಸ್ಸಿನ ಕಿಟಕಿಯಿಂದ. ರಸ್ತೆಯ ಕೆಲಸದವರ ನಡುವೆ ತಲೆಯ ಮೇಲೆ ಜಲ್ಲಿಯ ಬುಟ್ಟಿ, ಮೂಗಿನಿಂದ ಕೆಳಗೆ ಸೆರಗು. ಸೆರಗು ಧೂಳಿಗೋ, ನನಗೋ, ಗೊತ್ತಾಗಲಿಲ್ಲ. ಥಾಣೆಯ ಟ್ರಾಫಿಕ್ಕು ನಿಮಗೆ ಗೊತ್ತಿದೆ. ಇಳಿದು ಹೋಗಿ ಕ್ಷಮೆ ಕೇಳಿ, ಚಹಾ ಕುಡಿದು, ಅದೇ ಬಸ್ಸಿಗೆ ಮರಳಿ ಹತ್ತುವಷ್ಟು ಹೊತ್ತು ಬಸ್ಸು ಅಲ್ಲೇ ನಿಂತಿತ್ತು. ನಾನು ಪೇಪರು ಬಿಡಿಸಿ ವಧೂವರರ ಜಾಹೀರಾತು ಓದಿದೆ.

ಇನ್ನು ನನ್ನ ಹಲ್ಲಿನ ಕತೆ. ಪೇಸ್ಟು ಪುಕ್ಕಟೆ ಸಿಗುವವನ ಹಲ್ಲಿಗೆ ಏನೂ ಆಗದೆಂದು ನಂಬಿ ಬಾಯಲ್ಲಿ ಸದಾ ಪೆಪ್ಪರ್‌ಮಿಂಟು ಇಟ್ಟುಕೊಂಡಿರುತ್ತಿದ್ದೆ. ರಾತ್ರಿ ಉಜ್ಜಲು ಸೋಮಾರಿತನ. ಒಂದೊಂದಾಗಿ ಎಲ್ಲವೂ ಹೋದವು. ಕಟ್ಟುಹಲ್ಲಿನ ಸೆಟ್ಟು ಮಾಡಿಸಲು ಹೋದಾಗ ಇದೇ ಡಾಕ್ಟರಮ್ಮನ ಗೋಡೆಯ ಮೇಲೆ ಒಂದು ಚಿತ್ರ ಕಂಡಿತು: ಕಂದು ಹಲ್ಲು, ನಡುನಡುವೆ ಸುಣ್ಣದ ಬಿಳಿ.

"ಮಿಶ್ರಿ?" ಎಂದೆ, ತಿಳಿದವನಂತೆ.

"ನಹೀ ಅಂಕಲ್. ಪಾನಿ."

ಆಮೇಲೆ ಬಿಡಿಸಿ ಹೇಳಿದರು. ಕೆಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇರುತ್ತದಂತೆ. ವಸಡಿನೊಳಗೆ ಹಲ್ಲು ಕಟ್ಟುತ್ತಿರುವ ವಯಸ್ಸಿನಲ್ಲಿ ಮಕ್ಕಳು ಅದನ್ನು ಕುಡಿದರೆ ಹಲ್ಲು ಕಲೆಯ ಸಮೇತವೇ ಹುಟ್ಟುತ್ತದೆ. ಎಷ್ಟು ಉಜ್ಜಿದರೂ ಹೋಗದು. ಅದೇ ಫ್ಲೋರೈಡು ಅಳತೆಯಲ್ಲಿದ್ದರೆ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ, ಪೇಸ್ಟಿಗೆ ಹಾಕುವುದು ಅದಕ್ಕೇ. ಕಲೆ ತೀರಾ ಹೆಚ್ಚಿಲ್ಲದಿದ್ದರೆ ಅಂಥವರ ಹಲ್ಲು ಎಷ್ಟೋ ಸಲ ಗಟ್ಟಿಯಾಗಿಯೇ ಉಳಿಯುತ್ತದೆ ಎಂದೂ ಹೇಳಿದರು. ನಾನು ಬೋಳು ವಸಡು ತೆರೆದುಕೊಂಡು ಕೇಳುತ್ತಿದ್ದೆ. ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನಾವು ಮಾರುತ್ತಿದ್ದುದನ್ನೇ ಆಕೆಗೆ ಊರಿನ ನೆಲ ಬೇಡವೆಂದರೂ ಕುಡಿಸಿತ್ತು. ಆ ಗುರುತಿಗಾಗಿ ಆಕೆಯನ್ನು ಫ್ಲೋರೈಡಿನ ಕಾರ್ಖಾನೆಯಿಂದಲೇ ನಾನು ಹೊರಗೆ ಹಾಕಿಸಿದ್ದೆ. ಇದನ್ನು ಬರೆಯಲೇಬೇಕೆಂದು ಅಂದೇ ನಿರ್ಧರಿಸಿದೆ. ಆಮೇಲೆ ನಳದಲ್ಲಿ ನೀರು ಬರಲಿಲ್ಲ, ಇತ್ಯಾದಿ.

ಮೊನ್ನೆ ಆ ಲೇಪ ಹಚ್ಚಿಸಿಕೊಂಡು ಬಂದ ರಿಕ್ಷಾ ಇಳಿದು ಅನ್ವಿಯೂ ನಾನೂ ಲಿಫ್ಟ್ ಹತ್ತಿದೆವು. ಒಳಗೆ ಮೇಲಿನ ಮಹಡಿಯ ಕುಲಕರ್ಣಿಯವರಿದ್ದರು. ಒಳ್ಳೆಯ ಮನುಷ್ಯ, ತಮಾಷೆಯ ಚಟ. ಹುಡುಗಿಯ ಕೈ ಸರಿಸಿ ನೋಡಿ, "ಅರೇ ಬಾಪರೇ! ಗುಟಖಾ ಖಾಲ್ಲಾಸ್ ಕಾ ಗ?" ಎಂದರು. ಗುಟಕಾ ತಿಂದೆಯೇನೇ?

ಅವಳು ಮುಖವನ್ನು ನನ್ನ ಅಂಗಿಯಲ್ಲಿ ಹುದುಗಿಸಿದಳು.

"ನಾಹೀ ಹೋ! ಔಷಧ ಆಹೇ ತೇ. ಡಾಕ್ಟರಾಂನೀ ಲಾವಲಂಯ!" ಎಂದು ಗದರಿದೆ. ಔಷಧಿ ಅದು, ಡಾಕ್ಟರು ಹಚ್ಚಿದ್ದು. ಲಿಫ್ಟ್ ಒಂದು ಮಹಡಿ ದಾಟುವುದರೊಳಗೆ ಮಾತು ಮುಗಿದಿತ್ತು. ಕುಲಕರ್ಣಿಯವರು "ಅಸಂ ಕಾ, ಸಾರೀ ಬಾಳ," ಹೀಗೋ, ಸಾರಿ ಮಗು, ಎಂದು ಅವಳ ತಲೆ ಸವರಿದರು. ಇಷ್ಟೇ ಕೆಲಸವಿತ್ತು. ನಂಬಿಬಿಟ್ಟರು. ಸಾಹೇಬರೂ ನಂಬುತ್ತಿದ್ದರೋ ಏನೋ, ನಾನು ಹೇಳಿಯೇ ನೋಡಲಿಲ್ಲ.

ಬಾಗಿಲ ಬಳಿ ಅನ್ವಿ ಕೇಳಿದಳು, "ಅಜ್ಜಾ, ಇತ್ನಾ ಗುಸ್ಸಾ ಕ್ಯೂಂ?"

"ಕೋಪ ಅಲ್ಲ ಮಗಾ. ಒಬ್ಬರ ನೆನಪಾಯ್ತು."

"ಕೌನ್?"

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು 'ಏ ಬಾಯಿ', ಏ ಹೆಂಗಸೇ, ಎಂದೇ ಕರೆಯುತ್ತಿದ್ದರು, ನಾನೂ. ನಿಮ್ಮೆದುರು ಕೂಡ ಇಷ್ಟು ಹೊತ್ತು 'ಆಕೆ' ಎಂದೇ ದಾಟಿಸಿದ್ದೇನೆ. ಹುಡುಗಿ ಬಾಯಿಯ ಮೇಲಿನ ಕೈ ತೆಗೆದು, ಹಳದಿ ಹಲ್ಲು ಬಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು. ಸಡಿಲವಾದ ಸೆಟ್ಟನ್ನು ನಾಲಗೆಯಿಂದ ಒತ್ತಿ ಕೂರಿಸಿಕೊಂಡು ಹೇಳಿದೆ:

"ಹುಲಿಗೆಮ್ಮ."